ಮೊದಲ ಬೆಂಚಿನ ದಿಂಬು

ಜನವರಿ 12, ಗುರುವಾರ

ಬ್ರೇಕ್ ಮೇಡಂ ಅವರಿಗೆ,

ನಿನ್ನ ನಾಲ್ಕು ಹಾಳೆಯ ಕಾಗದ ತಲುಪಿತು. ಅದನ್ನು ಓದಿ ಮುಗಿಸುವಷ್ಟರಲ್ಲಿ ನಿನ್ನ ಚಿಕ್ಕಮ್ಮನ ಚಹಾ ಆರಿಹೋಯಿತು, ಅದಕ್ಕೂ ನಾನೇ ಬೈಸಿಕೊಂಡೆ. ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡವಳ ಸೇವೆಗೆ ಅಂತ ಬಂದೆ. ಕಾಲಿಗೆ ಹಾಕಿದ ಪ್ಲಾಸ್ಟರನ್ನು ಬಾಯಿಗೂ ಒಂದಿಷ್ಟು ಹಾಕಿ ಅಂತ ಡಾಕ್ಟರನ್ನು ಕೇಳಿಯೇ ನೋಡಿದೆ. ನಕ್ಕು ಹೋದರು.

ನಾಲ್ಕು ಹಾಳೆ ಹಿಂಡಿದರೆ ಬರುವುದು ಒಂದೇ ಸಾಲು. ಫೆಬ್ರವರಿ ಮೊದಲ ಭಾನುವಾರದಿಂದ ಚರ್ಚಿನಲ್ಲಿ ದೊಡ್ಡವರ ಬೈಬಲ್ ಕ್ಲಾಸು ನೀನು ತೆಗೆದುಕೊಳ್ಳಬೇಕು ಅಂತ ಪಾಸ್ಟರಯ್ಯ ಕೇಳಿದ್ದಾರೆ, ನಿನಗೆ ಭಯ. ಇದಕ್ಕೆ ನಾಲ್ಕು ಹಾಳೆಯೇ?

ದಿನ ಬೆಳಗಾದರೆ ಸ್ಟೇರಿಂಗ್ ಅಂದರೆ ಏನು ಅಂತ ತಿಳಿಯದವರ ಪಕ್ಕ ಕೂತು ಬಸ್ಸು ಲಾರಿಗಳ ಮಧ್ಯೆ ನುಗ್ಗುವವಳು ನೀನು. ಆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಬ್ರೇಕು ಇರುತ್ತದೆ, ನಿಜ. ಆದರೆ ಅದನ್ನು ಒತ್ತಲು ಎದೆ ಬೇಕಲ್ಲ. ಮೊನ್ನೆ ಯಾವನೋ ಹಣ್ಣಿನ ಅಂಗಡಿಯೊಳಗೇ ಗಾಡಿ ನುಗ್ಗಿಸಲು ಹೋದಾಗ ನೀನು ಬ್ರೇಕ್ ಒತ್ತಿ, ಅವನಿಗೇ ನೀರು ಕುಡಿಸಿ, ಮತ್ತೆ ಗಾಡಿ ತೆಗೆಸಿದೆ. ಅಂಥವಳು ಬೆಂಚಿನ ಮೇಲೆ ಸುಮ್ಮನೆ ಕೂತ ಹತ್ತು ಹನ್ನೆರಡು ಮುದುಕ ಮುದುಕಿಯರಿಗೆ ಹೆದರುತ್ತೀಯ. ಅವರಲ್ಲಿ ಅರ್ಧ ಜನಕ್ಕೆ ಮಂಡಿ ನೋವು. ಎದ್ದು ಬಂದು ಹೊಡೆಯಲೂ ಆಗುವುದಿಲ್ಲ.

ಫೋನಿನಲ್ಲೇ ಬೈಯುತ್ತಿದ್ದೆ. ಆದರೆ ನನ್ನ ಕಿವಿಗೆ ಫೋನು ಅಂದರೆ ಜೇನುನೊಣ ತುಂಬಿದ ಡಬ್ಬ. ಕಾಗದವೇ ಸರಿ, ಇದರಲ್ಲಿ ನೀನು ನಡುವೆ ಬಾಯಿ ಹಾಕುವ ಹಾಗೂ ಇಲ್ಲ.

ಇನ್ನೊಂದು ಮಾತನ್ನು ಕೊನೆಯ ಹಾಳೆಯ ಮೂಲೆಯಲ್ಲಿ ಇಲಿ ಕಾಳು ಅಡಗಿಸಿದ ಹಾಗೆ ಅಡಗಿಸಿದ್ದೀಯ. ಯಾರೂ ಒಪ್ಪದಿದ್ದರೆ ಕ್ಲಾಸು ಮುಚ್ಚಿ, ಆ ಕೋಣೆಯಲ್ಲಿ ಹಾಡುವವರ ಡ್ರಮ್ಮು ಸ್ಪೀಕರು ಇಡುತ್ತಾರೆ ಅಂತ. ನೋಡು, ಚಿಕ್ಕಂದಿನಲ್ಲಿ ನನಗೆ ಅಕ್ಷರ ಕೂಡಿಸಿ ಓದಲು ಬರುತ್ತಿದ್ದ ಹಾಗೇ ಶಾಲೆ ಬಿಡಿಸಿ ಕುರಿ ಕಾಯಲು ಕಳಿಸಿದರು. ಆಮೇಲೆ ನನಗೆ ಸಿಕ್ಕಿದ ಶಾಲೆ ಅಂದರೆ ಆ ಕೋಣೆ, ಆ ಬೆಂಚು. ಈ ವಯಸ್ಸಿನಲ್ಲಿ ನನ್ನನ್ನು ಎರಡನೇ ಸಲ ಶಾಲೆ ಬಿಡಿಸಬೇಡ.

ಮತ್ತೆ, ಬೀರುವಿನ ಕೆಳಗಿನ ಅರೆಯಲ್ಲಿ ನನ್ನ ನೀಲಿ ದಿಂಬಿದೆ. ಪ್ರತಿ ಭಾನುವಾರ ಅದನ್ನು ಮೊದಲ ಬೆಂಚಿನಲ್ಲಿ, ಕಿಟಕಿ ಪಕ್ಕ, ನನ್ನ ಜಾಗದಲ್ಲಿ ಇಡು. ಇಲ್ಲವಾದರೆ ರಿಟೈರ್ಡ್ ಹೆಡ್‌ಮಾಸ್ಟರು ಜರುಗಿ ಜರುಗಿ ಇಡೀ ಬೆಂಚು ನುಂಗುತ್ತಾರೆ.

ಒಪ್ಪಿಕೊಂಡೆ ಅಂತ ಬರುವ ಕಾಗದಕ್ಕೆ ಕಾದಿರುವ,
ನಿನ್ನ ಅಜ್ಜಿ


ಜನವರಿ 27, ಶುಕ್ರವಾರ

ನೆಪಗಳ ಮಹಾರಾಣಿಗೆ,

ನೆಗಡಿಯಂತೆ. ಗಂಟಲು ಕಟ್ಟಿದೆಯಂತೆ. ಭಾನುವಾರವೂ ಯಾರೋ ಲೈಸೆನ್ಸಿನವರಿಗೆ ಪಾಠ ಇದೆಯಂತೆ. ನೆಪಕ್ಕೇನು ಬರವೇ? ಬೈಬಲ್ಲಿನಲ್ಲೇ ದೇವರಿಗೇ ನೆಪ ಹೇಳಿದವರು ಸಾಲಾಗಿ ನಿಂತಿದ್ದಾರೆ. ನನಗೆ ಮಾತು ಬರಲ್ಲ ಅಂದವನೊಬ್ಬ, ನಾನಿನ್ನೂ ಚಿಕ್ಕವನು ಅಂದವನೊಬ್ಬ, ಹಡಗು ಹತ್ತಿ ಓಡಿಯೇಹೋದವನೊಬ್ಬ. ಕೊನೆಗೆ ಎಲ್ಲರೂ ಹೋಗಿ ಹೇಳಿದ ಕೆಲಸ ಮಾಡಿದರು. ಮೊದಲೇ ಹೋಗಿದ್ದರೆ ಆ ಹಡಗು ಹತ್ತಿದವನಿಗೆ, ಅವನನ್ನು ನುಂಗಿದ ಮೀನಿನ ಹೊಟ್ಟೆಯ ವಾಸನೆಯಾದರೂ ತಪ್ಪುತ್ತಿತ್ತು.

ಒಪ್ಪಿಕೊಂಡಿದ್ದೀಯಲ್ಲ, ಅದಕ್ಕೆ ಸಂತೋಷ. ಆದರೆ ಒಪ್ಪಿದ ರೀತಿ ನೋಡಿದರೆ ಹಲ್ಲು ಕೀಳಿಸಿಕೊಳ್ಳಲು ಹೊರಟವಳ ಹಾಗಿದೆ.

ನಿನಗಿಂತ ಮೊದಲು ಪಾಠ ಮಾಡುತ್ತಿದ್ದ ಬ್ಯಾಂಕಿನವರು ಕ್ಲಾಸು ಬಿಟ್ಟಿದ್ದು ಯಾಕೆ ಅಂತ ಕೇಳಿದ್ದೀಯ. ನನಗೇನು ಗೊತ್ತು. ಒಳ್ಳೆಯ ಮನುಷ್ಯ, ದನಿ ಮಾತ್ರ ನಲ್ಲಿಯಲ್ಲಿ ನೀರಿಲ್ಲದಾಗ ಬರುವ ಗಾಳಿಯ ಹಾಗೆ. ಮಾರ್ಥ ಮರಿಯರ ಕಥೆ ಹೇಳುತ್ತಿದ್ದರು. ಯೇಸುಸ್ವಾಮಿ ಶಿಷ್ಯರ ಜೊತೆ ಮನೆಗೆ ಬಂದಾಗ ತಂಗಿ ಮರಿಯ ಅವರ ಪಾದದ ಬಳಿ ಕೂತು ಮಾತು ಕೇಳುತ್ತಾಳೆ, ಅಕ್ಕ ಮಾರ್ಥ ಒಬ್ಬಳೇ ಒಲೆ ಮುಂದೆ ಬೇಯುತ್ತಾಳೆ, ದೂರು ಹೇಳಿದರೆ ಅವಳಿಗೇ ಬುದ್ಧಿಮಾತು. ನಾನು ಕೈಯೆತ್ತಿ ಕೇಳಿದೆ, "ಸರ್, ಆವತ್ತು ಕೊನೆಗೆ ಅಡುಗೆ ಯಾರು ಮಾಡಿದರು?" ಅಷ್ಟೇ. ಅವರು ಪುಟ ತಿರುಗಿಸಿದರು, ಕನ್ನಡಕ ಒರೆಸಿಕೊಂಡರು, ಅದು ಮುಖ್ಯವಲ್ಲಮ್ಮ ಅಂದರು. ಮುಖ್ಯವಲ್ಲವಂತೆ. ಅಷ್ಟು ಜನ ಗಂಡಸರು ಹಸಿದು ಬಂದು ಜಗಲಿ ತುಂಬ ಕೂತಿದ್ದಾರೆ, ಅಡುಗೆ ಮುಖ್ಯವಲ್ಲ. ಮುಂದಿನ ಭಾನುವಾರ ಮತ್ತೆ ಕೇಳಿದೆ. ಅದರ ಮುಂದಿನ ಭಾನುವಾರ ಅವರೇ ಬರಲಿಲ್ಲ.

ಅವರಿಗಿಂತ ಮೊದಲಿದ್ದ ನರ್ಸಮ್ಮನೂ ಹೀಗೇ. ಅದಕ್ಕೂ ಮೊದಲಿದ್ದ ಟ್ರೇನಿಂಗ್ ಪಾಸ್ಟರೂ ಹೀಗೇ. ಈಗಿನವರಿಗೆ ತಾಳ್ಮೆಯೇ ಇಲ್ಲ.

ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ನಿನ್ನ ಚಿಕ್ಕಮ್ಮ ಹಾಸಿಗೆಯಲ್ಲಿ ಪ್ಲಾಸ್ಟರ್ ಕಾಲು ಹಿಡಿದುಕೊಂಡು ನಕ್ಕಳು. ಯಾಕೆ ಅಂದರೆ, "ಏನಿಲ್ಲಮ್ಮ, ನೀನು ಬರಿ" ಅಂದಳು. ಕಾಲಿನ ನೋವು ತಲೆಗೆ ಏರಿರಬೇಕು.

ದಿಂಬು ಮರೆಯಬೇಡ.

ಪ್ರಾರ್ಥನೆ ಮಾಡಿ ಮಾಡಿ ಮಂಡಿ ಸವೆಸಿಕೊಂಡ,
ನಿನ್ನ ಅಜ್ಜಿ


ಫೆಬ್ರವರಿ 6, ಸೋಮವಾರ

ಅಜ್ಜಿ,

ನಿನ್ನೆ ಮೊದಲ ಕ್ಲಾಸು ಆಯಿತು. ಆಯಿತು ಅನ್ನೋದಕ್ಕಿಂತ ಮಗುಚಿತು ಅನ್ನಬೇಕು.

ಮುಕ್ಕಾಲು ಗಂಟೆಗೆ ಅಂತ ಬರೆದುಕೊಂಡು ಹೋಗಿದ್ದನ್ನು ಒಂದೇ ಉಸಿರಿಗೆ ಓದಿಬಿಟ್ಟೆ. ತಲೆ ಎತ್ತಿದರೆ ಕೆಲವರು ಇನ್ನೂ ಕನ್ನಡಕದ ಡಬ್ಬಿ ತೆರೆಯುತ್ತಿದ್ದರು. ಹೆಡ್‌ಮಾಸ್ಟರು "ಮುಗೀತಾ?" ಅಂದರು. ಕೆಣಕೋಕೆ ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದರು. ಅದು ಇನ್ನೂ ಕಷ್ಟ.

ಆಮೇಲೆ ಒಬ್ಬೊಬ್ಬರೇ ಮಾತಾಡೋಕೆ ನೋಡಿದರು. ನಾನು ಬಿಡಲಿಲ್ಲ. ಟೈಲರಮ್ಮ "ನನಗೆ ಅನ್ಸೋದು..." ಅನ್ನುವಷ್ಟರಲ್ಲಿ ಅವರಿಗೆ ಏನು ಅನ್ನಿಸಬೇಕು ಅಂತ ನಾನೇ ಹೇಳಿಬಿಟ್ಟೆ. ಯಾರು ಬಾಯಿ ತೆರೆದರೂ ಇವರು ಎಲ್ಲಿಗೆ ನುಗ್ಗುತ್ತಾರೋ ಅಂತ ಭಯ. ಕೆಳಗೆ ನೋಡಿದರೆ ನನ್ನ ಬಲಗಾಲು ನೆಲ ಒತ್ತಿ ಹಿಡಿದಿದೆ. ಬ್ರೇಕು ಇಲ್ಲದ ಕಡೆ ಬ್ರೇಕ್ ಒತ್ತುತ್ತಾ ಕೂತಿದ್ದೆ ಅಜ್ಜಿ, ಮೀನಖಂಡ ಇವತ್ತೂ ನೋಯ್ತಿದೆ.

ಪಾಸ್ಟರಯ್ಯನಿಗೆ ಆಗಲ್ಲ ಅಂತ ಹೇಳಿಬಿಡುತ್ತೇನೆ. ಬೈಯಬೇಡ. ಬೈದರೂ ಚಿಕ್ಕ ಕಾಗದದಲ್ಲಿ ಬೈ.

ನಿನ್ನ ಮೊಮ್ಮಗಳು


ಫೆಬ್ರವರಿ 14, ಮಂಗಳವಾರ

ಬ್ರೇಕ್ ಮೇಡಂ,

ಚಿಕ್ಕ ಕಾಗದದಲ್ಲಿ ಬೈಯಲು ನನಗೆ ಬರುವುದಿಲ್ಲ. ಅಂಗಡಿಯಿಂದ ದೊಡ್ಡ ಹಾಳೆ ತರಿಸಿದ್ದೇನೆ.

ಒಂದು ಭಾನುವಾರಕ್ಕೇ ಗಾಡಿ ಬಿಟ್ಟು ಇಳಿದುಬಿಡುವುದಾ? ಮೊದಲ ದಿನ ಗೇರು ಬೀಳದೆ ಅತ್ತುಬಿಟ್ಟಳಲ್ಲ ಆ ಔಷಧಿ ಅಂಗಡಿಯವಳು, ಅವಳಿಗೆ ಏನು ಹೇಳಿದೆ ನೀನು? "ನಾಳೆ ಬನ್ನಿ" ಅಂದೆ. ಈಗ ಅವಳು ಮಕ್ಕಳನ್ನು ಕೂರಿಸಿಕೊಂಡು ಊರೆಲ್ಲ ಓಡಿಸುತ್ತಾಳೆ. ಆ ಮಾತನ್ನು ನಿನಗೆ ನೀನೇ ಹೇಳಿಕೊಂಡರೆ ನಾಲಿಗೆ ಸವೆಯುತ್ತದೆಯೇ?

ಮತ್ತೆ, ಟೈಲರಮ್ಮ ಮಾತಾಡಿದರೆ ನಿನ್ನ ಗಂಟೇನು ಹೋಗುತ್ತದೆ? ತಪ್ಪು ಹೇಳಲಿ. ಬೈಬಲ್ ಕ್ಲಾಸಿನಲ್ಲಿ ತಪ್ಪು ಹೇಳಿದರೆ ಯಾರಿಗೂ ಗಾಡಿ ಗುದ್ದುವುದಿಲ್ಲ. ಎಲ್ಲದಕ್ಕೂ ನೀನೇ ಬ್ರೇಕ್ ಒತ್ತಿದರೆ ಅವರು ಕಲಿಯುವುದು ಯಾವಾಗ? ಬಲಗಾಲನ್ನು ಕುರ್ಚಿಯ ಕಾಲಿಗೆ ಸುತ್ತಿ ಕೂತುಕೋ. ನಗಬೇಡ. ಸೂಜಿಗೆ ದಾರ ಪೋಣಿಸುವಾಗ ನನ್ನ ಕಾಲು ತಾನಾಗಿ ಹೊಲಿಗೆ ಮಿಷನ್ ತುಳಿಯಲು ಶುರು ಮಾಡಿದರೆ ನಾನು ಹೀಗೇ ಮಾಡುತ್ತಿದ್ದೆ.

ಬರೆದುಕೊಂಡು ಹೋಗಬೇಡ. ಹೋದರೂ ಒಂದು ಚೀಟಿ ಸಾಕು. ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ ಅನ್ನು. ಬ್ಯಾಂಕಿನವರು ಆವತ್ತು ಗೊತ್ತಿಲ್ಲ ಅಂದಿದ್ದರೆ ನಾನು ಸುಮ್ಮನಾಗುತ್ತಿದ್ದೆ. ಬಹುಶಃ.

ಹೆಡ್‌ಮಾಸ್ಟರಿಗೆ ಹೆದರಬೇಡ. ಮನೆಯಲ್ಲಿ ಅವರ ಮಾತು ಬೆಕ್ಕೂ ಕೇಳುವುದಿಲ್ಲ.

ಎರಡು ಸಲ ಬರೆದೆ, ದಿಂಬು ಇಟ್ಟೆಯೋ ಇಲ್ಲವೋ ಅಂತ ಒಂದು ಮಾತೂ ಇಲ್ಲ. ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಯಿತು ನನ್ನ ಕಥೆ.

ದೊಡ್ಡ ಹಾಳೆಯೂ ಮುಗಿದುಹೋದ,
ನಿನ್ನ ಅಜ್ಜಿ


ಫೆಬ್ರವರಿ 23, ಗುರುವಾರ

ಅಜ್ಜಿ,

ದಿಂಬು ಇಟ್ಟಿದ್ದೇನೆ. ಮೊದಲ ಭಾನುವಾರದಿಂದಲೇ ಇಟ್ಟಿದ್ದೇನೆ. ಮೊದಲ ಬೆಂಚು, ಕಿಟಕಿ ಪಕ್ಕ, ನನ್ನ ಕುರ್ಚಿಗೆ ನೇರ ಎದುರು.

ಅಜ್ಜಿ, ನನಗೆ ಹೆಡ್‌ಮಾಸ್ಟರ ಭಯ ಇಲ್ಲ. ಆ ದಿಂಬಿನ ಭಯ.

ಚಿಕ್ಕವಳಿದ್ದಾಗ ಕ್ಲಾಸು ಮುಗಿಸಿ ನಾವಿಬ್ಬರೂ ಮನೆಗೆ ನಡೆದು ಬರುತ್ತಿದ್ದದ್ದು ನೆನಪಿದೆಯಾ? ಚರ್ಚಿನ ಗೇಟಿನಿಂದ ಬೇಕರಿವರೆಗೆ ನೀನು ಆವತ್ತು ಪಾಠ ಮಾಡಿದವರ ದನಿ ಹೇಗಿತ್ತು ಅಂತ ಮಾಡಿ ತೋರಿಸುತ್ತಿದ್ದೆ. ಬೇಕರಿಯಿಂದ ಸಿಗ್ನಲ್‌ವರೆಗೆ ಅವರು ಹೇಳಿದ ತಪ್ಪು. ಸಿಗ್ನಲ್‌ನಿಂದ ಮನೆವರೆಗೆ ಅವರ ಬೂಟು, ಅವರ ಕೆಮ್ಮು, ಅವರು ಹಾಳೆ ಹಿಡಿಯುವ ರೀತಿ. ನರ್ಸಮ್ಮ ಒಂದೇ ಮಾತನ್ನು ಎರಡು ಸಲ ಹೇಳುತ್ತಿದ್ದರಲ್ಲ, ಅದನ್ನು ನೀನು ಮಾಡಿ ತೋರಿಸಿದಾಗ ನಾನು ನಕ್ಕು ನಕ್ಕು ರಸ್ತೆಯಲ್ಲೇ ಕೂತುಬಿಟ್ಟಿದ್ದೆ. ಅಮ್ಮ ತೀರಿಕೊಂಡ ಮೇಲೆ ನಾನು ಅಷ್ಟು ನಕ್ಕಿದ್ದು ಆ ದಾರಿಯಲ್ಲೇ.

ಈಗ ಆ ಕುರ್ಚಿಯಲ್ಲಿ ನಾನು ಕೂತಿದ್ದೇನೆ. ಬಾಯಿ ತೆರೆದರೆ ಬೇಕರಿ ಹತ್ತಿರ ಇದನ್ನು ಹೇಗೆ ಮಾಡಿ ತೋರಿಸುತ್ತಾಳೆ ಅಂತ ಕೇಳಿಸುತ್ತದೆ. ನೀನು ಅಲ್ಲಿ ಇಲ್ಲ, ದಿಂಬು ಇದೆ. ಅದಕ್ಕೇ ಅಷ್ಟು ವೇಗವಾಗಿ ಓದಿ ಮುಗಿಸಿದ್ದು.

ಏಪ್ರಿಲ್‌ವರೆಗೆ ನೋಡುತ್ತೇನೆ ಅಂತ ಪಾಸ್ಟರಯ್ಯನಿಗೆ ಹೇಳಿದ್ದೇನೆ. ಆಮೇಲೆ ಡ್ರಮ್ಮು ಇಟ್ಟುಕೊಳ್ಳಲಿ.

ಚಿಕ್ಕಮ್ಮನಿಗೆ ಇದನ್ನು ಓದಿ ಹೇಳಬೇಡ.

ನಿನ್ನ ಮೊಮ್ಮಗಳು


ಮಾರ್ಚ್ 2, ಗುರುವಾರ

ಮೊಮ್ಮಗಳಿಗೆ,

ಕಾಗದ ತಲುಪಿತು.

ಚಿಕ್ಕಮ್ಮನ ಪ್ಲಾಸ್ಟರ್ ಬಿಚ್ಚಲು ಇನ್ನೂ ಸಮಯ ಇದೆ. ಅಡುಗೆಮನೆಯ ಕಿಟಕಿ ಕೊಂಡಿ ಸಡಿಲವಾಗಿದೆ, ರಿಪೇರಿ ಮಾಡಿಸು. ನನ್ನ ಚಳಿಯ ಬಟ್ಟೆ ಬಿಸಿಲಿಗೆ ಹಾಕು.

ದಿಂಬಿಗೆ ಬಾಯಿಲ್ಲ. ಇರಲಿ. ಅದನ್ನು ಮನೆಗೆ ತಂದು ಬೀರುವಿನಲ್ಲಿಡು.

ಅಜ್ಜಿ


ಮಾರ್ಚ್ 20, ಸೋಮವಾರ

ಅಜ್ಜಿ,

ಕಿಟಕಿ ಕೊಂಡಿ ಸರಿಯಾಯಿತು. ಬಟ್ಟೆ ಬಿಸಿಲಿಗೆ ಹಾಕಿ ಮಡಿಸಿಟ್ಟಿದ್ದೇನೆ. ಆಮೇಲೆ ನಿನ್ನಿಂದ ಕಾಗದವೇ ಇಲ್ಲ. ನೀನು ಬೈಯದೆ ಇರುವುದು ಬೈಯುವುದಕ್ಕಿಂತ ಕೆಟ್ಟದ್ದು ಅಂತ ಈಗ ಗೊತ್ತಾಯಿತು.

ದಿಂಬು ತೆಗೆದೆ. ತೆಗೆದ ಮೇಲೂ ಆ ಜಾಗದಲ್ಲಿ ಯಾರೂ ಕೂರಲಿಲ್ಲ. ಹೆಡ್‌ಮಾಸ್ಟರು ಜರುಗಲೇ ಇಲ್ಲ. ಕ್ಲಾಸು ಮುಗಿದ ಮೇಲೆ ಹತ್ತಿರ ಬಂದು "ಯಾಕಮ್ಮ ದಿಂಬು ಇಲ್ಲ, ಅವರಿಗೆ ಹುಷಾರಿಲ್ವಾ?" ಅಂದರು. ಹುಷಾರಾಗಿದ್ದಾರೆ ಸರ್ ಅಂದೆ. "ಅವರ ಪ್ರಶ್ನೆಗಳ ಭಯ ಇಲ್ಲದೆ ಪಾಠ ಓದ್ಕೊಂಡು ಬರೋರೇ ಇಲ್ಲ" ಅಂದು ಹೋದರು.

ಈಗ ಚೀಟಿ ಮಾತ್ರ ಒಯ್ಯುತ್ತೇನೆ. ಕಾಲನ್ನು ಕುರ್ಚಿಗೆ ಸುತ್ತಿಕೊಳ್ಳುತ್ತೇನೆ, ನೀನು ಹೇಳಿದ ಹಾಗೆ. ನಿನ್ನೆ ಟೈಲರಮ್ಮ ತುಂಬ ಹೊತ್ತು ಮಾತಾಡಿದರು, ಅರ್ಧ ದಾರಿಯಲ್ಲಿ ಎಲ್ಲೆಲ್ಲೋ ಹೋದರು. ಬೆವರು ಬಂತು, ಆದರೂ ತಡೆಯಲಿಲ್ಲ. ತಾವಾಗಿಯೇ ತಿರುಗಿಸಿಕೊಂಡು ರಸ್ತೆಗೆ ಬಂದರು. ಇನ್ಯಾರೋ ಏನೋ ಕೇಳಿದರು, ಗೊತ್ತಿಲ್ಲ ಅಂದೆ. ಆಕಾಶ ಕೆಳಗೆ ಬೀಳಲಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಆ ಚೀಟಿಯನ್ನು ಮೂರು ಮೂರು ಸಲ ಹರಿದು ಬರೆಯುವುದು ನಿಂತಿಲ್ಲ.

ಕ್ಲಾಸಿಗೆ ಬರಬೇಡ ಅಂತ ನಾನು ಬರೆದಿರಲಿಲ್ಲ ಅಜ್ಜಿ. ಇನ್ನೊಂದು ಸಲ ಓದು.

ನಿನ್ನ ಮೊಮ್ಮಗಳು


ಏಪ್ರಿಲ್ 19, ಬುಧವಾರ

ಮೊಮ್ಮಗಳಿಗೆ,

ಇನ್ನೊಂದು ಸಲ ಓದಿದೆ. ಬೇರೆ ಕೆಲಸವೇನಿದೆ, ಸುಮಾರು ಸಲ ಓದಿದೆ.

ಚಿಕ್ಕಮ್ಮನ ಪ್ಲಾಸ್ಟರ್ ಬಿಚ್ಚಿದರು. ಕೋಲು ಹಿಡಿದು ಓಡಾಡುತ್ತಾಳೆ, ಆ ಕೋಲಿನಿಂದಲೇ ನನಗೆ ದಾರಿ ತೋರಿಸುತ್ತಾಳೆ. ಶನಿವಾರದ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಬಾ. ಕಲಿಯುವವರನ್ನು ಕೂರಿಸಿಕೊಂಡು ಬರಬೇಡ, ಜೀವದ ಆಸೆ ಇನ್ನೂ ಇದೆ.

ಭಾನುವಾರ ಆರಾಧನೆಗೆ ಬರುತ್ತೇನೆ. ಕ್ಲಾಸಿಗೆ ಬರುವುದಿಲ್ಲ, ನನಗೆ ಮನೆಯಲ್ಲಿ ಕೆಲಸ ಇರುತ್ತದೆ. ಏನು ಕೆಲಸ ಅಂತ ಕೇಳಬೇಡ.

ಅಜ್ಜಿ


ಏಪ್ರಿಲ್ 25, ಮಂಗಳವಾರ

ಮಗಳಿಗೆ,

ಕೋಲು ಬಿಟ್ಟು ನಡೆಯಬೇಡ ಅಂದಿದ್ದೆ, ಬಿಟ್ಟಿರುತ್ತೀಯ. ನಿನಗೆ ಹೇಳುವುದೂ ಒಂದೇ, ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದೂ ಒಂದೇ. ಭಾನುವಾರ ಏನಾಯಿತು ಅಂತ ನೀನು ಕೇಳೇ ಕೇಳುತ್ತೀಯ, ಅದಕ್ಕೇ ಬರೆಯುತ್ತೇನೆ.

ಆರಾಧನೆ ಮುಗಿಯಿತು. ಮನೆಗೆ ಅಂತ ಹೊರಟೆ. ಗೇಟಿನವರೆಗೆ ಹೋದೆ. ದಿಂಬು ಚೀಲದಲ್ಲಿತ್ತು. ಯಾಕೆ ಹಾಕಿಕೊಂಡು ಬಂದಿದ್ದೆನೋ ಕಾಣೆ, ಆರಾಧನೆಯ ಬೆಂಚಿಗೆ ಮೆತ್ತೆ ಇದೆ. ಗೇಟಿನ ಹತ್ತಿರ ನಿಂತು ನಿಂತು ಕಾಲು ನೋವು ಬಂತು, ಹಿಂದಕ್ಕೆ ಹೋದೆ. ಕ್ಲಾಸು ಶುರುವಾಗಿತ್ತು. ಸದ್ದು ಮಾಡದೆ ಕೊನೆಯ ಬೆಂಚಿನಲ್ಲಿ ದಿಂಬು ಹಾಕಿ ಕೂತೆ. ಹೆಡ್‌ಮಾಸ್ಟರು ತಿರುಗಿ, ಮೊದಲ ಬೆಂಚಿನ ಕಡೆ ಕೈ ತೋರಿಸಿದರು. ನಾನು ಬೆನ್ನು ಮುಟ್ಟಿ, ಗೋಡೆ ತೋರಿಸಿದೆ. ಒರಗಿಕೊಳ್ಳಲು ಬೇಕು ಅನ್ನುವ ಹಾಗೆ.

ನನ್ನ ಕಿವಿಗೆ ಕೊನೆಯ ಬೆಂಚು ಅಂದರೆ ಬೇರೆ ಊರು. ಒಂದಕ್ಷರ ಕೇಳಿಸಲಿಲ್ಲ. ಹಾಗಾಗಿ ನಮ್ಮ ಬ್ರೇಕ್ ಮೇಡಂ ಕಾಲನ್ನೇ ನೋಡುತ್ತಾ ಕೂತೆ. ಮೇಜಿನ ಕೆಳಗೆ ಬಲಗಾಲು ಕುರ್ಚಿಯ ಕಾಲಿಗೆ ಸುತ್ತಿಕೊಂಡಿತ್ತು. ನನ್ನನ್ನು ನೋಡಿದಳು ನೋಡು, ಕಾಲು ಬಿಚ್ಚಿಕೊಂಡು ನೆಲ ಒತ್ತಿತು. ಎದ್ದು ಹೋಗೋಣ ಅನ್ನಿಸಿತು. ಎದ್ದರೆ ಎಲ್ಲರೂ ನೋಡುತ್ತಾರೆ. ಕೂತೇ ಇದ್ದೆ, ಮುಖವನ್ನು ಕಿಟಕಿ ಕಡೆ ತಿರುಗಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಓರೆಗಣ್ಣಲ್ಲಿ ನೋಡಿದರೆ ಕಾಲು ಮತ್ತೆ ಸುತ್ತಿಕೊಂಡಿದೆ. ಇನ್ನೂ ಸ್ವಲ್ಪ ಹೊತ್ತಿಗೆ ಸುತ್ತಿದ್ದೂ ಬಿಚ್ಚಿ, ಚಪ್ಪಲಿಯಿಂದ ಅರ್ಧ ಹೊರಬಂದು, ಸುಮ್ಮನೆ ಬಿದ್ದುಕೊಂಡಿದೆ, ಮನೆಯಲ್ಲಿ ಕೂತವಳ ಕಾಲಿನ ಹಾಗೆ.

ಅಷ್ಟರಲ್ಲಿ ಏನಾಯಿತೋ, ಕ್ಲಾಸಿನವರೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿ ನನ್ನನ್ನೇ ನೋಡಿದರು. ಟೈಲರಮ್ಮ ನಗುತ್ತಿದ್ದಳು. ನನ್ನ ಕೂದಲು ಬಿಚ್ಚಿದೆಯೇನೋ ಅಂತ ಮುಟ್ಟಿ ನೋಡಿಕೊಂಡೆ, ಗೊರಕೆ ಹೊಡೆದೆನೇನೋ ಅಂತ ಬಾಯಿ ಒರೆಸಿಕೊಂಡೆ. ಏನೂ ಇರಲಿಲ್ಲ. ಆಮೇಲೆ ಅವರವರಲ್ಲೇ ಕೈ ಬೀಸಿ ಬೀಸಿ ಮಾತು. ಹೆಡ್‌ಮಾಸ್ಟರು ಎದ್ದು ನಿಂತರು, ಟೈಲರಮ್ಮ ಅವರನ್ನು ಕೂರಿಸಿದಳು. ನಮ್ಮವಳು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ನನಗೋ ಒಂದೂ ಕೇಳಿಸದೆ ಹೊಟ್ಟೆ ಉರಿದುಹೋಯಿತು.

ಮುಗಿದ ಮೇಲೆ ನಾನು ಹೊರಗೆ ಬಂದು ನಿಂತೆ. ಅವಳು ಕೋಣೆಗೆ ಬೀಗ ಹಾಕಿ ಬಂದಳು. ನಡೆದೆವು. ಬೇಕರಿ ಬಂತು, ನಾನು ಬಾಯಿ ತೆರೆಯಲಿಲ್ಲ. ಸಿಗ್ನಲ್ ಬಂತು, ತೆರೆಯಲಿಲ್ಲ. ಅದು ಎಷ್ಟು ಕಷ್ಟ ಅಂತ ನಿನಗೆ ಹೇಳಿ ಪ್ರಯೋಜನವಿಲ್ಲ, ನೀನು ನಗುತ್ತೀಯ. ಕೊನೆಗೆ ಅವಳೇ ನನ್ನ ಕಿವಿಗೆ ಬಾಯಿಟ್ಟು ಕೂಗಿದಳು, "ಹೇಗಿತ್ತಜ್ಜಿ?"

"ಏನೂ ಕೇಳಿಸಲಿಲ್ಲ" ಅಂದೆ.

"ಅಲ್ಲಿ ಕೂತರೆ ಕೇಳಿಸಲ್ಲ ಅಂತ ನಿನಗೆ ಮೊದಲೇ ಗೊತ್ತಿತ್ತು."

ನಾನು ಸಿಗ್ನಲ್ ದೀಪ ನೋಡಿದೆ. "ಅವರೆಲ್ಲ ನನ್ನನ್ನು ಯಾಕೆ ನೋಡಿದರು?"

"ಆವತ್ತು ಮಾರ್ಥಳ ಮನೇಲಿ ಕೊನೆಗೆ ಅಡುಗೆ ಯಾರು ಮಾಡಿದರು ಅಂತ ಕೇಳಿದೆ. ಪ್ರಶ್ನೆ ನನ್ನದಲ್ಲ, ಕೊನೇ ಬೆಂಚಲ್ಲಿ ಕೂತಿರೋರದ್ದು ಅಂದೆ."

"ಏನಂದರು?"

"ಒಬ್ಬೊಬ್ಬರು ಒಂದೊಂದು. ಜಗಳವೇ ಆಯ್ತು. ಮುಗೀಲಿಲ್ಲ, ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೀವಿ. ಡ್ರಮ್ಮಿಗೆ ಬೇರೆ ಜಾಗ ನೋಡ್ಕೊಳ್ಳಿ ಅಂತ ಪಾಸ್ಟರಯ್ಯನಿಗೂ ಹೇಳಿದೆ."

"ಅದಿರಲಿ, ಏನಂದರು ಹೇಳೇ."

"ನಾನ್ಯಾಕೆ ಹೇಳಲಿ? ಬೇಕಾದರೆ ಬಂದು ಕೇಳಿಸ್ಕೋ."

ಎಷ್ಟು ಸೊಕ್ಕು ನೋಡು. ನನ್ನದೇ ಪ್ರಶ್ನೆ, ನನಗೇ ಉತ್ತರ ಹೇಳುವುದಿಲ್ಲವಂತೆ. ಮನೆ ಬಾಗಿಲಿಗೆ ಬಂದಾಗ ನೆನಪಾಯಿತು, ನನ್ನ ಚೀಲ ಹಗುರವಾಗಿದೆ. "ಅಯ್ಯೋ, ದಿಂಬು ಕೊನೆಯ ಬೆಂಚಿನಲ್ಲೇ ಬಿಟ್ಟೆ" ಅಂದೆ.

"ಅಲ್ಲಿಲ್ಲ ಅದು" ಅಂದಳು ಬೀಗ ತೆಗೆಯುತ್ತಾ. "ಅದರ ಜಾಗದಲ್ಲಿ ಇಟ್ಟು ಬಂದೆ."

ಅದರ ಜಾಗ ಯಾವುದು ಅಂತ ನಾನು ಕೇಳಲಿಲ್ಲ.

ಕಾಲು ಕೆಳಗೆ ಬಿಟ್ಟು ಕೂರಬೇಡ, ಎತ್ತರಕ್ಕಿಟ್ಟುಕೋ. ಇವತ್ತಿನ್ನೂ ಮಂಗಳವಾರ. ಈ ವಾರಕ್ಕೆ ಯಾರು ಬ್ರೇಕ್ ಒತ್ತಿ ಹಿಡಿದಿದ್ದಾರೋ ಕಾಣೆ.

ನಿನ್ನ ಅಮ್ಮ